ಅನುವಾದಿತ ಕತೆ ಮೇಲೆ ಪ್ರಬಂಧ ಬರೀಬೇಕು, ಪ್ಲಾನ್ ನೋಡಿ ಹೇಳ್ತೀರಾ?

ಮಡಿಕೇರಿ ಮಂಜು

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಬಿ.ಎ. ಕೊನೆ ವರ್ಷದಲ್ಲಿದ್ದೇನೆ. ಒಂದು ಅನುವಾದಿತ ಕೃತಿ ಆರಿಸಿಕೊಂಡು 1500 ಪದದೊಳಗೆ ವಿಶ್ಲೇಷಣೆ ಬರೆಯಲು ಹೇಳಿದ್ದಾರೆ. ಕನ್ನಡದಲ್ಲಾದರೂ ಸರಿ, ಇಂಗ್ಲಿಷ್‌ನಲ್ಲಾದರೂ ಸರಿ. ನಾನು 'ಹಾರ್ಟ್ ಲ್ಯಾಂಪ್' ಆರಿಸಿಕೊಂಡೆ. ಬಾನು ಮುಷ್ತಾಕ್ ಅವರ ಕತೆಗಳು, ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ಅನುವಾದಕಿ ನಮ್ಮೂರಿನವರು, ಹಾಗಾಗಿ ಬೇರೆ ಪುಸ್ತಕದ ಕಡೆ ಮನಸ್ಸೇ ಹೋಗಲಿಲ್ಲ.

ನನ್ನ ಪ್ಲಾನ್ ಹೀಗಿದೆ. ಮೊದಲು ಲೇಖಕಿಯ ಪರಿಚಯ. ಆಮೇಲೆ ಅನುವಾದಕಿಯ ಪರಿಚಯ. ಈ ಪುಸ್ತಕಕ್ಕೆ ಬಂದ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಗ್ಗೆ ಒಂದು ಪ್ಯಾರಾ. ನಂತರ ಹನ್ನೆರಡೂ ಕತೆಗಳ ಸಾರಾಂಶ. ಅನುವಾದದಲ್ಲಿ ಏನು ಉಳಿದಿದೆ, ಏನು ಕಳೆದಿದೆ ಎಂದು ಒಂದು ಪಟ್ಟಿ. ಕೊನೆಗೆ ಉಪಸಂಹಾರ. ಸರಿ ಇದೆಯಾ? ಮುಂದಿನ ಸೋಮವಾರ ಕೊಡಬೇಕು.

ಪೊನ್ನಂಪೇಟೆ ಮೇಷ್ಟ್ರು

ಮಂಜು, ಪುಸ್ತಕ ಚೆನ್ನಾಗಿ ಆರಿಸಿದ್ದೀರಿ. ಪ್ಲಾನ್ ಮಾತ್ರ ಪೂರ್ತಿ ಬಿಟ್ಟುಬಿಡಿ.

ಲೆಕ್ಕ ಹಾಕಿ ನೋಡಿ. ಹನ್ನೆರಡು ಕತೆ, 1500 ಪದ. ಪರಿಚಯ, ಪ್ರಶಸ್ತಿ, ಉಪಸಂಹಾರ ಎಲ್ಲಾ ಕಳೆದರೆ ಒಂದು ಕತೆಗೆ ನೂರು ಪದವೂ ಉಳಿಯುವುದಿಲ್ಲ. ನೂರು ಪದದಲ್ಲಿ ಕತೆ ಹೇಳಬಹುದು, ಕತೆಯ ಬಗ್ಗೆ ಹೇಳಲು ಆಗುವುದಿಲ್ಲ. ನಿಮ್ಮ ಲೆಕ್ಚರರ್ ಪುಸ್ತಕ ಓದಿರುತ್ತಾರೆ. ಅವರಿಗೆ ಸಾರಾಂಶ ಯಾಕೆ?

ಒಂದೇ ಕತೆ ತಗೊಳ್ಳಿ. ಶೀರ್ಷಿಕೆ ಕತೆಯನ್ನೇ ತಗೊಳ್ಳಿ ಬೇಕಾದರೆ, ಕನ್ನಡದ 'ಎದೆಯ ಹಣತೆ'. ಮೆಹ್ರುನ್ ಗಂಡನ ಮನೆ ಬಿಟ್ಟು ತವರಿಗೆ ಬರುವುದು, ಅಣ್ಣಂದಿರು ಅವಳನ್ನು ವಾಪಸ್ ಕರೆದೊಯ್ಯುವುದು, ಆ ರಾತ್ರಿ ನಡೆಯುವುದು. ಇಷ್ಟರಲ್ಲಿ 1500 ಪದಕ್ಕೆ ಬೇಕಾದ್ದಕ್ಕಿಂತ ಜಾಸ್ತಿನೇ ಇದೆ.

ಬೂಕರ್ ಬಗ್ಗೆ ಪ್ಯಾರಾ ಬೇಡ. ಒಂದು ವಾಕ್ಯ ಸಾಕು, ಅದೂ ಬೇಕೆನಿಸಿದರೆ. ಪ್ರಶಸ್ತಿ ಬಂದಿದೆ ಎನ್ನುವುದು ಕತೆಯೊಳಗಿನ ಯಾವುದಕ್ಕೂ ಸಾಕ್ಷಿ ಅಲ್ಲ.

ಎರಡು ಭಾಷೆಯವನು

ಮೇಷ್ಟ್ರೇ, ಒಂದೇ ಕತೆ ಅನ್ನೋದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ 'ಉಳಿದಿದ್ದು, ಕಳೆದಿದ್ದು' ಭಾಗವನ್ನೂ ತೆಗೆಸಿಬಿಟ್ರಲ್ಲ! ಮಂಜುಗೆ ಕನ್ನಡ ಬರುತ್ತೆ, ಇಂಗ್ಲಿಷೂ ಬರುತ್ತೆ. ದೆಹಲಿಯಲ್ಲೋ ಲಂಡನ್ನಿನಲ್ಲೋ ಕೂತು ಬರೆಯುವವರಿಗೆ ಇಲ್ಲದ ಅನುಕೂಲ ಅದು. ಎರಡೂ ಪಕ್ಕಪಕ್ಕ ಇಟ್ಟು ಓದಬಲ್ಲ ಹುಡುಗನಿಗೆ ಹೋಲಿಸಬೇಡ ಅನ್ನೋದು ಯಾವ ನ್ಯಾಯ?

ಪೊನ್ನಂಪೇಟೆ ಮೇಷ್ಟ್ರು

ಹೋಲಿಸಬೇಡ ಎಂದು ಹೇಳಿಲ್ಲ. ಅದು ಬೇರೆ ಪ್ರಬಂಧ ಅಂತ ನನ್ನ ಮಾತು.

ಹೋಲಿಕೆಯ ಪ್ರಬಂಧಕ್ಕೆ ಪ್ರಶ್ನೆ ಅನುವಾದಕಿಯದ್ದು. ಅವರು ಇಲ್ಲಿ ಹೀಗೆ ಯಾಕೆ ಮಾಡಿದರು, ಅದರಿಂದ ಓದುಗನಿಗೆ ಏನಾಯಿತು. ವಿಶ್ಲೇಷಣೆಯ ಪ್ರಬಂಧಕ್ಕೆ ಪ್ರಶ್ನೆ ಕತೆಯದ್ದು. ಈ ಕತೆ ಹೇಗೆ ಕಟ್ಟಿಕೊಂಡಿದೆ, ಯಾಕೆ ಹೀಗೆ ಮುಗಿಯುತ್ತದೆ. ಎರಡನ್ನೂ ಒಂದೇ ಪ್ರಬಂಧದಲ್ಲಿ ತುರುಕಿದರೆ ಏನಾಗುತ್ತದೆ ಗೊತ್ತಾ? ಮೊದಲರ್ಧ ಸಾರಾಂಶ, ಎರಡನೇ ಅರ್ಧ ಪದಗಳ ಪಟ್ಟಿ. ಆ ಪದ ಇಂಗ್ಲಿಷಿಗೆ ಬರಲಿಲ್ಲ, ಈ ಗಾದೆಯ ಸೊಗಸು ಹೋಯಿತು. ಹೌದು, ಹೋಯಿತು. ಮುಂದೆ? ಇಂಥ ಪ್ರಬಂಧಗಳನ್ನು ತಿದ್ದಿ ತಿದ್ದಿ ನನಗೆ ಸಾಕಾಗಿದೆ. ಪುಸ್ತಕ ತೆರೆಯದೆಯೂ ಅದನ್ನು ಬರೆಯಬಹುದು.

ಮಂಜುಗೆ ಕನ್ನಡ ಮೂಲ ಇರುವುದು ದೊಡ್ಡ ಅನುಕೂಲ, ನಿಜ. ಅದನ್ನು ಪರೀಕ್ಷೆಗೆ ಬಳಸಲಿ. ಇಂಗ್ಲಿಷ್ ಓದಿ ಒಂದು ವಾದ ಕಟ್ಟಿಕೊಂಡ ಮೇಲೆ ಕನ್ನಡ ತೆರೆದು ನೋಡಲಿ. ವಾದ ಅಲ್ಲೂ ನಿಂತರೆ ಅದು ಕತೆಯದ್ದು. ಅಲ್ಲಿ ಬಿದ್ದುಹೋದರೆ ಅದು ಅನುವಾದದ್ದು. ಎರಡೂ ತಪ್ಪಲ್ಲ, ಆದರೆ ಯಾವುದರ ಬಗ್ಗೆ ಮಾತಾಡುತ್ತಿದ್ದೇನೆ ಎಂದು ಬರೆಯುವವನಿಗೆ ಗೊತ್ತಿರಬೇಕು.

ವಿರಾಜಪೇಟೆ ರಶ್ಮಿ

ನಮಗೂ ಇದೇ ಅಸೈನ್‌ಮೆಂಟ್ ಇದೆ ಸರ್! ನಾನು ಫ್ರೆಂಚ್ ಲೇಖಕ ಕಮೂ ಅವರ 'ದಿ ಔಟ್‌ಸೈಡರ್' ಕಾದಂಬರಿ ತಗೊಂಡಿದ್ದೀನಿ. ನನಗೆ ಫ್ರೆಂಚ್ ಒಂದಕ್ಷರ ಬರಲ್ಲ. ಹಾಗಾದ್ರೆ ನಾನು ಪರೀಕ್ಷೆ ಮಾಡೋದು ಹೇಗೆ? ಆ ಮೊದಲನೇ ವಾಕ್ಯದ ಬಗ್ಗೆ ನೆಟ್‌ನಲ್ಲಿ ತುಂಬಾ ಇದೆ, ತಾಯಿ ಅನ್ನೋದನ್ನ ಒಬ್ಬೊಬ್ಬರು ಒಂದೊಂದು ಥರ ಅನುವಾದ ಮಾಡಿದ್ದಾರೆ ಅಂತ. ಅದನ್ನೇ ಬರೆಯಲಾ?

ಪೊನ್ನಂಪೇಟೆ ಮೇಷ್ಟ್ರು

ಬೇಡಮ್ಮ. ನಿಮ್ಮ ಕ್ಲಾಸಿನ ಅರ್ಧ ಜನ ಅದನ್ನೇ ಬರೆದಿರುತ್ತಾರೆ.

ಫ್ರೆಂಚ್ ಬರದಿದ್ದರೆ ಪದದ ಮೇಲೆ ವಾದ ಕಟ್ಟಬೇಡಿ. ಯಾವ ಅನುವಾದಕನೂ ಅಲುಗಾಡಿಸಲಾಗದ ಸಂಗತಿಗಳ ಮೇಲೆ ಕಟ್ಟಿ. ಆ ಕಾದಂಬರಿ 1942ರದ್ದು. ಎರಡು ಭಾಗ. ಮೊದಲ ಭಾಗದ ಕೊನೆಗೆ ಕೊಲೆ. ಎರಡನೇ ಭಾಗ ಜೈಲು, ವಿಚಾರಣೆ. ಮೊದಲ ಭಾಗದಲ್ಲಿ ಕಥಾನಾಯಕ ಮ್ಯೂರ್ಸೋ ತಾಯಿಯ ಶವದ ಪಕ್ಕ ರಾತ್ರಿ ಕೂತಿರುತ್ತಾನೆ. ಕಾವಲುಗಾರ ಹಾಲು ಹಾಕಿದ ಕಾಫಿ ತಂದುಕೊಡುತ್ತಾನೆ. ಇವನು ಕುಡಿಯುತ್ತಾನೆ, ಸಿಗರೇಟು ಸೇದುತ್ತಾನೆ. ಓದುವಾಗ ನಮಗೆ ಅದು ಸುಮ್ನೆ ಒಂದು ವಿವರ. ಎರಡನೇ ಭಾಗದಲ್ಲಿ ಅದೇ ಕಾಫಿ, ಅದೇ ಸಿಗರೇಟು ಕೋರ್ಟಿಗೆ ಬರುತ್ತವೆ. ಕಾವಲುಗಾರ ಸಾಕ್ಷಿ ಹೇಳುತ್ತಾನೆ. ಸರ್ಕಾರಿ ವಕೀಲ ಅದರಿಂದ ಒಬ್ಬ ರಾಕ್ಷಸನನ್ನು ಮಾಡುತ್ತಾನೆ.

ಅಂದರೆ ಮೊದಲ ಭಾಗದಲ್ಲಿ ನಾವೇ ಕಂಡದ್ದನ್ನು ಎರಡನೇ ಭಾಗದಲ್ಲಿ ಬೇರೆಯವರು ಬೇರೆ ಥರ ಓದುತ್ತಾರೆ. ಈ ಜೋಡಣೆ ಗಿಲ್ಬರ್ಟ್ ಅನುವಾದದಲ್ಲೂ ಇದೆ, ವಾರ್ಡ್ ಅನುವಾದದಲ್ಲೂ ಇದೆ. ಕನ್ನಡಕ್ಕೆ ತಂದರೂ ಇರುತ್ತದೆ. ಇದರ ಮೇಲೆ ಬರೆಯಲು ನಿಮಗೆ ಫ್ರೆಂಚ್ ಬೇಡ.

ತೋಟದಮನೆ

ಹಾಲು ಹಾಕಿದ ಕಾಫಿ ಕುಡಿದದ್ದಕ್ಕೆ ಮನುಷ್ಯನ ತಲೆ ತೆಗೀತಾರಾ? ಕೊಡಗಿನಲ್ಲಾಗಿದ್ರೆ ಜಿಲ್ಲೆಗೆ ಜಿಲ್ಲೆಯೇ ಒಳಗಿರಬೇಕಿತ್ತು.

(ತಮಾಷೆಗೆ. ಕಾಫಿ ಕೊಯ್ಲು ನಡೀತಿದೆ, ಸಂಜೆ ಇದನ್ನೆಲ್ಲಾ ಓದೋದೇ ನನಗೆ ಮನರಂಜನೆ. ಮುಂದುವರೆಸಿ.)

ಸೋಮವಾರಪೇಟೆ ಓದುಗಿ

ಮಂಜು, ನಾನು ಮೇಷ್ಟ್ರೂ ಅಲ್ಲ, ಸಾಹಿತ್ಯದ ವಿದ್ಯಾರ್ಥಿನಿಯೂ ಅಲ್ಲ. ಬ್ಯಾಂಕ್ ಕೆಲಸ. ಆದರೆ ಆ ಕತೆಯನ್ನು ಕನ್ನಡದಲ್ಲೂ ಓದಿದ್ದೇನೆ, ಇಂಗ್ಲಿಷ್‌ನಲ್ಲೂ ಓದಿದ್ದೇನೆ. ಒಂದು ವಿಷಯ ಹೇಳ್ತೀನಿ, ನೀವೇ ಪುಟ ತೆಗೆದು ನೋಡಿ.

ಮೆಹ್ರುನ್ ತವರಿಗೆ ಬಂದು ಗಂಡನ ಇನ್ನೊಂದು ಸಂಬಂಧದ ಬಗ್ಗೆ ಹೇಳಿದಾಗ ಮನೆಯ ಗಂಡಸರಿಗೆ ಚಿಂತೆ ಅವಳದ್ದಲ್ಲ, ಮರ್ಯಾದೆಯದ್ದು. ಮನೆತನದ ಗೌರವ ಉಳಿಸುವ ಬುದ್ಧಿ ನಿನಗಿದ್ದಿದ್ದರೆ ಬೆಂಕಿ ಹಚ್ಚಿಕೊಂಡು ಸಾಯುತ್ತಿದ್ದೆ, ಇಲ್ಲಿಗೆ ಬರುತ್ತಿರಲಿಲ್ಲ ಎನ್ನುವ ಅರ್ಥದ ಮಾತು ಅಲ್ಲಿ ಬರುತ್ತದೆ. ಓದುವಾಗ ಸಿಟ್ಟಿನ ಮಾತು ಎಂದು ಮುಂದೆ ಹೋಗುತ್ತೇವೆ. ರಾತ್ರಿ ಅವಳು ಕೈಗೆತ್ತಿಕೊಳ್ಳುವುದು ಏನನ್ನು? ಸೀಮೆಎಣ್ಣೆ, ಬೆಂಕಿಪೊಟ್ಟಣ.

ಬೇರೆ ದಾರಿ ಇರಲಿಲ್ಲವಾ? ಬಾವಿ, ಹಗ್ಗ, ಮಾತ್ರೆ? ಕತೆ ಅವಳ ಕೈಗೆ ಕೊಡುವುದು ಆ ಮನೆಯವರು ಬಾಯಲ್ಲಿ ಕೊಟ್ಟದ್ದನ್ನೇ. ಅವಳು ಮಾಡಲು ಹೊರಟದ್ದು ಅವಳ ತೀರ್ಮಾನ ಅಂತ ನನಗೆ ಅನ್ನಿಸಲೇ ಇಲ್ಲ. ಹೇಳಿದ ಕೆಲಸ ಮಾಡುವ ಹಾಗಿತ್ತು.

ಇದು ಮೇಷ್ಟ್ರು ಹೇಳಿದ ಆ ಕಾಫಿಯ ಥರದ್ದೇ ಅಲ್ವಾ?

ಪೊನ್ನಂಪೇಟೆ ಮೇಷ್ಟ್ರು

ಅಲ್ವಾ ಅಂತ ಕೇಳ್ತೀರಲ್ಲ ಮೇಡಂ! ಪ್ರಬಂಧದ ಬೆನ್ನೆಲುಬನ್ನೇ ಕೊಟ್ಟುಬಿಟ್ಟಿರಿ. ಮಂಜು, ಇದನ್ನು ಹಾಗೇ ಎತ್ತಿಕೊಳ್ಳಬೇಡಿ. ಇದೇ ಥರದ ಇನ್ನೊಂದು ಜೋಡಣೆ ನೀವೇ ಹುಡುಕಿ.

ಮಡಿಕೇರಿ ಮಂಜು

ಮೇಡಂ, ಮೈ ಜುಂ ಅಂತು. ನಿನ್ನೆ ರಾತ್ರಿ ಮತ್ತೆ ಓದಿದೆ.

ಪ್ಲಾನ್ ಬದಲಾಯಿಸಿದೆ. ಒಂದೇ ಕತೆ. ನನ್ನ ವಾದ: 'ಈ ಕತೆ ಪುರುಷಪ್ರಧಾನ ಸಮಾಜದಲ್ಲಿ ಹೆಣ್ಣಿನ ಶೋಷಣೆಯನ್ನು ಪರಿಣಾಮಕಾರಿಯಾಗಿ ಚಿತ್ರಿಸುತ್ತದೆ.' ಸರಿನಾ?

ಎರಡು ಭಾಷೆಯವನು

ಇದಕ್ಕೆ ಇಲ್ಲ ಅನ್ನುವವರು ಯಾರಾದರೂ ಇದ್ದಾರಾ? ಯಾರೂ ಇಲ್ಲ ಅಂದ್ರೆ ಅದು ವಾದ ಅಲ್ಲ ತಮ್ಮಾ. ಪುಸ್ತಕದ ಹಿಂಬದಿ ಓದಿದವರೂ ಇದನ್ನೇ ಹೇಳ್ತಾರೆ.

ಪೊನ್ನಂಪೇಟೆ ಮೇಷ್ಟ್ರು

ಈ ಸಲ ನಾನು ಇವರ ಕಡೆ. 'ಪರಿಣಾಮಕಾರಿಯಾಗಿ' ಎನ್ನುವ ಪದ ಕಂಡರೆ ನನ್ನ ಕೆಂಪು ಪೆನ್ನು ತಾನಾಗಿಯೇ ಏಳುತ್ತದೆ.

ಏನನ್ನು ಚಿತ್ರಿಸುತ್ತದೆ ಅಂತ ಬರೆಯಬೇಡಿ. ಹೇಗೆ, ಯಾವ ಕ್ರಮದಲ್ಲಿ, ಯಾರ ಬಾಯಿಂದ ಅಂತ ಬರೆಯಿರಿ. ಈ ಮೂರರಲ್ಲಿ ಒಂದಾದರೂ ನಿಮ್ಮ ವಾದದ ವಾಕ್ಯದೊಳಗೆ ಇರಲೇಬೇಕು. ಕತೆಯಲ್ಲಿ ಯಾರು ಜಾಸ್ತಿ ಮಾತಾಡುತ್ತಾರೆ, ಯಾರ ಮಾತಿಗೆ ಉತ್ತರ ಸಿಗುತ್ತದೆ, ಯಾರದ್ದಕ್ಕೆ ಸಿಗುವುದಿಲ್ಲ. ಪೆನ್ಸಿಲ್ ಹಿಡಿದು ಗುರುತು ಹಾಕಿಕೊಂಡು ಓದಿ. ಬೇಸರದ ಕೆಲಸ, ಆದರೆ ಅಲ್ಲೇ ವಿಷಯ ಸಿಗುವುದು.

ಗೋಣಿಕೊಪ್ಪ ಪೆಮ್ಮಯ್ಯ

ನಡುವೆ ಬಾಯಿ ಹಾಕ್ತಿದ್ದೀನಿ. ಎಲ್ಲರೂ ಬೂಕರ್, ಕಮೂ ಅಂತಿದ್ದೀರಿ. ನಮ್ಮ ಕೊಡವ ಜನಪದ ಹಾಡುಗಳ ಸಂಗ್ರಹ 'ಪಟ್ಟೋಲೆ ಪಳಮೆ' ಯಾಕಾಗಬಾರದು? ನಡಿಕೇರಿಯಂಡ ಚಿಣ್ಣಪ್ಪ ಅವರು 1924ರಲ್ಲಿ ಹೊರತಂದದ್ದು. ಅವರ ಮೊಮ್ಮಕ್ಕಳೇ ಅದನ್ನು ಇಂಗ್ಲಿಷ್‌ಗೆ ತಂದಿದ್ದಾರೆ, 2003ರಲ್ಲಿ ಬಂತು. ಕೊಡಗಿನ ಮಕ್ಕಳು ಇದರ ಮೇಲೆ ಬರೆಯದಿದ್ದರೆ ಇನ್ಯಾರು ಬರೀತಾರೆ?

ಪೊನ್ನಂಪೇಟೆ ಮೇಷ್ಟ್ರು

ಪೆಮ್ಮಯ್ಯನವರೇ, ಖಂಡಿತ ಆಗಬಹುದು. ಆದರೆ ಸೋಮವಾರದೊಳಗೆ ಬೇಡ. ಅದು ದುಡಿ ಎಂಬ ಸಣ್ಣ ವಾದ್ಯ ಹಿಡಿದು ಹಾಡುವ ಹಾಡು. ಹಾಡಿನಿಂದ ಬರಹಕ್ಕೆ ಬಂದಾಗ ಒಂದು ಬದಲಾವಣೆ, ಕೊಡವ ತಕ್ಕಿನಿಂದ (ಕೊಡವ ಭಾಷೆಯಿಂದ) ಇಂಗ್ಲಿಷ್‌ಗೆ ಹೋದಾಗ ಇನ್ನೊಂದು. ಬರೀ ಪುಟ ನೋಡಿ ಬರೆದರೆ ಅರ್ಧ ವಿಷಯ ತಪ್ಪಿಹೋಗುತ್ತದೆ. ಹಾಡುವವರ ಜೊತೆ ಕೂತು ಕೇಳಿ ಬರೆಯಬೇಕಾದದ್ದು ಅದು.

ಗೋಣಿಕೊಪ್ಪ ಪೆಮ್ಮಯ್ಯ

ಅದೂ ಸರಿ. ರಶ್ಮಿ, ಮಂಜು, ಮುಂದಿನ ವರ್ಷ ಯಾರಾದರೂ ಮಾಡೋದಾದ್ರೆ ಪುತ್ತರಿ ಹಬ್ಬದ ಹೊತ್ತಿಗೆ ನಮ್ಮ ಕಡೆ ಬನ್ನಿ. ಹಾಡುವವರು ಸಿಗ್ತಾರೆ.

ಮಡಿಕೇರಿ ಮಂಜು

ಥ್ಯಾಂಕ್ಸ್ ಅಣ್ಣ, ಬರ್ತೀನಿ.

ಸರ್, ಗುರುತು ಹಾಕಿಕೊಂಡು ಓದಿದೆ. ಒಂದು ಸಿಕ್ಕಿತು. ಕೊನೆಯಲ್ಲಿ ತಾಯಿಯನ್ನು ತಡೆಯುವುದು ದೊಡ್ಡ ಮಗಳು ಸಲ್ಮಾ. ಕೈಯಲ್ಲಿ ಕೂಸನ್ನು ಎತ್ತಿಕೊಂಡು ಓಡಿ ಬರುತ್ತಾಳೆ. ಕೂಸನ್ನು ತಾಯಿಯ ಕಾಲ ಹತ್ತಿರ ಬಿಟ್ಟು ಬೇಡಿಕೊಳ್ಳುತ್ತಾಳೆ. ಅಪ್ಪನಿಗೋಸ್ಕರ ಸಾಯಲು ತಯಾರಿರುವವಳು ನಮಗೋಸ್ಕರ ಬದುಕಲಾರೆಯಾ ಅನ್ನುವ ಅರ್ಥದಲ್ಲಿ ಕೇಳುತ್ತಾಳೆ. ಹಗಲಿನಲ್ಲಿ ದೊಡ್ಡವರೆಲ್ಲ ತೀರ್ಪು ಕೊಡ್ತಾರೆ. ರಾತ್ರಿ ಒಬ್ಬ ಹುಡುಗಿ ಪ್ರಶ್ನೆ ಕೇಳ್ತಾಳೆ.

ಹಾಗಾಗಿ ಹೊಸ ವಾದ: 'ತವರಿನ ಗಂಡಸರು ಹಗಲಿನಲ್ಲಿ ಕೊಟ್ಟ ತೀರ್ಪನ್ನು ರಾತ್ರಿ ಒಬ್ಬ ಹುಡುಗಿ ರದ್ದು ಮಾಡುತ್ತಾಳೆ. ಅಧಿಕಾರ ಇರುವವರ ಮಾತಿಗೂ ಅಕ್ಕರೆ ಇರುವವರ ಮಾತಿಗೂ ಇರುವ ವ್ಯತ್ಯಾಸವನ್ನು ಕತೆ ಈ ಎರಡು ದೃಶ್ಯಗಳನ್ನು ಎದುರುಬದುರು ಇಟ್ಟು ತೋರಿಸುತ್ತದೆ.'

ಪೊನ್ನಂಪೇಟೆ ಮೇಷ್ಟ್ರು

ಈಗ ಬಂತು ನೋಡಿ. ತೀರ್ಪು ಒಂದು ಕಡೆ, ಪ್ರಶ್ನೆ ಇನ್ನೊಂದು ಕಡೆ. ಇದು ನಿಮ್ಮದೇ.

ಸೋಮವಾರಪೇಟೆ ಓದುಗಿ

ನನಗೆ ಒಂದು ತಕರಾರು ಇದೆ.

ರದ್ದು ಮಾಡ್ತಾಳಾ ನಿಜವಾಗಿ? ಸಲ್ಮಾ ಅಮ್ಮನನ್ನು ಉಳಿಸಿಕೊಂಡಳು, ಸರಿ. ಆದರೆ ಮೆಹ್ರುನ್ ಉಳಿದದ್ದು ಎಲ್ಲಿ? ಅದೇ ಮನೆಯಲ್ಲಿ. ಯಾರಿಗಾಗಿ? ಮಕ್ಕಳಿಗಾಗಿ. ಮಕ್ಕಳ ಮುಖ ನೋಡಿಕೊಂಡು ಇರು ಅಂತ ಎಷ್ಟು ಹೆಂಗಸರಿಗೆ ಎಷ್ಟು ಅಣ್ಣಂದಿರು ಹೇಳಿಲ್ಲ? ಬ್ಯಾಂಕಿನಲ್ಲಿ ಕೂತರೆ ನನಗೆ ಅಂಥವರು ದಿನಾ ಸಿಗ್ತಾರೆ. ಗಂಡನ ಸಹಿ ಇಲ್ಲದೆ ಖಾತೆ ತೆರೆಯಬಹುದಾ ಅಂತ ಮೆಲ್ಲಗೆ ಕೇಳುವವರು. ತೆರೆಯಬಹುದು ಅಂದಾಗ ಅವರ ಮುಖ ನೋಡಬೇಕು.

ನನಗೆ ಆ ಕೊನೆ ಒಂದು ಸಲ ಬಿಡುಗಡೆ ಅನ್ನಿಸುತ್ತೆ. ಇನ್ನೊಂದು ಸಲ ಅದೇ ಹಗ್ಗ, ಹೆಣೆದ ಕೈ ಮಾತ್ರ ಬೇರೆ ಅನ್ನಿಸುತ್ತೆ.

ಪೊನ್ನಂಪೇಟೆ ಮೇಷ್ಟ್ರು

ಮೇಡಂ, ನಾನು ಒಪ್ಪುವುದಿಲ್ಲ. ಅಣ್ಣಂದಿರು ಹೇಳುವುದು ಮನೆತನಕ್ಕಾಗಿ. ಸಲ್ಮಾ ಕೇಳುವುದು ತನಗೆ ಅಮ್ಮ ಬೇಕು ಎಂದು. ಆ ಇಡೀ ದಿನದಲ್ಲಿ ಮೆಹ್ರುನ್ ಬೇಕು ಎಂದವಳು ಅವಳೊಬ್ಬಳೇ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಆ ಹುಡುಗಿಗೆ ಮಾಡುವ ಅನ್ಯಾಯ.

ಸೋಮವಾರಪೇಟೆ ಓದುಗಿ

ಹುಡುಗಿ ಮೇಲೆ ನನ್ನ ತಕರಾರಿಲ್ಲ ಸರ್. ಇನ್ನೊಂದು ಹೊರೆಯೂ ಇದೆ ಅಲ್ಲಿ. ಆ ವಯಸ್ಸಿನ ಮಗು ರಾತ್ರಿ ನಿದ್ದೆ ಬಿಟ್ಟು ತಾಯಿಯನ್ನು ಕಾಯಬೇಕಾಗಿ ಬಂತಲ್ಲ. ಸುತ್ತ ಇಷ್ಟು ದೊಡ್ಡವರು ಇದ್ದೂ ತಾಯಿಯ ಕೆಲಸ ಮಗಳು ಮಾಡಬೇಕಾಯಿತು. ಮಂಜು ಬರೆದ 'ಅಕ್ಕರೆ' ಅನ್ನುವ ಒಂದು ಪದದೊಳಗೆ ಇದು ಮುಚ್ಚಿಹೋಗುತ್ತೆ.

ಪೊನ್ನಂಪೇಟೆ ಮೇಷ್ಟ್ರು

ಅದನ್ನು ಒಪ್ಪುತ್ತೇನೆ. ಮಂಜು, ಈ ತಕರಾರನ್ನು ಅಡಗಿಸಬೇಡಿ, ಮೂರನೇ ಪ್ಯಾರಾದಲ್ಲಿ ನೀವೇ ಎತ್ತಿ. 'ಆದರೆ ಈ ಕೊನೆಯನ್ನು ಬೇರೆ ಥರವೂ ಓದಬಹುದು' ಎಂದು ಶುರು ಮಾಡಿ. ನಿಮ್ಮ ಉತ್ತರ ಏನು ಎಂದು ಪಠ್ಯದಿಂದಲೇ ಹೇಳಿ. ಉತ್ತರ ಅರ್ಧ ಮಾತ್ರ ಸಿಕ್ಕರೂ ಪರವಾಗಿಲ್ಲ. ವಾದದ ವಾಕ್ಯದಲ್ಲಿ 'ರದ್ದು ಮಾಡುತ್ತಾಳೆ' ಬದಲು 'ತಡೆಯುತ್ತಾಳೆ' ಸಾಕಾಗಬಹುದು. ಅಷ್ಟಕ್ಕೆ ಸಾಕ್ಷಿ ಇದೆ.

ಮಡಿಕೇರಿ ಮಂಜು

ಸರಿ ಸರ್. ಇನ್ನೊಂದು ಗೊಂದಲ. ಇಂಗ್ಲಿಷ್‌ನಿಂದ ಸಾಲುಗಳನ್ನು ಎತ್ತಿ ಬರೆಯುವಾಗ 'ಬಾನು ಮುಷ್ತಾಕ್ ಹೀಗೆ ಬರೆಯುತ್ತಾರೆ' ಅನ್ನಬೇಕಾ, 'ದೀಪಾ ಭಾಸ್ತಿ ಹೀಗೆ ಬರೆಯುತ್ತಾರೆ' ಅನ್ನಬೇಕಾ?

ಎರಡು ಭಾಷೆಯವನು

ಇದು ನನ್ನ ಇಲಾಖೆ, ನಾನು ಹೇಳ್ತೀನಿ.

ಏನು ನಡೆಯುತ್ತದೆ, ಯಾರಿಗೆ ನಡೆಯುತ್ತದೆ, ಯಾವುದರ ನಂತರ ಯಾವುದು: ಇದೆಲ್ಲ ಬಾನು ಅವರದ್ದು. ವಾಕ್ಯದ ಲಯ, ಪದ, ಎಲ್ಲಿ ಅಲ್ಪವಿರಾಮ, ಎಲ್ಲಿ ಉರ್ದುವನ್ನೋ ಕನ್ನಡವನ್ನೋ ಹಾಗೇ ಬಿಟ್ಟಿದ್ದು: ಇದು ಭಾಸ್ತಿ ಅವರದ್ದು. 'ಬಾನು ಇಲ್ಲಿ ಈ ಇಂಗ್ಲಿಷ್ ಪದವನ್ನು ಆರಿಸಿಕೊಂಡಿದ್ದಾರೆ' ಅಂತ ಯಾರಾದರೂ ಬರೆದರೆ ನನಗೆ ನಗು ಬರುತ್ತೆ. ಅವರು ಬರೆದದ್ದು ಕನ್ನಡದಲ್ಲಿ ಸ್ವಾಮಿ.

ಮೊದಲ ಪ್ಯಾರಾದಲ್ಲೇ ಒಂದು ವಾಕ್ಯ ಹಾಕಿ: ಕತೆ ಯಾರದ್ದು, ಯಾವ ಅನುವಾದ, ನಾನು ಉಲ್ಲೇಖಿಸುವುದು ಯಾವ ಪುಸ್ತಕದಿಂದ. ಇಷ್ಟಾದರೆ ಪ್ರತಿ ಸಲ ಎರಡು ಹೆಸರು ಹೇಳುವ ತಾಪತ್ರಯ ಇಲ್ಲ.

ಇನ್ನೊಂದು ಬಲೆ ಇದೆ. ಆ ಹನ್ನೆರಡು ಕತೆ 1990ರಿಂದ 2023ರವರೆಗೆ ಬೇರೆ ಬೇರೆ ಕಾಲದಲ್ಲಿ ಬರೆದವು. ಅವುಗಳಲ್ಲಿ ಯಾವುದು ಇಂಗ್ಲಿಷ್ ಪುಸ್ತಕಕ್ಕೆ ಬರಬೇಕು ಅಂತ ಆರಿಸಿದ್ದು ಅನುವಾದಕಿ. ಹಾಗಾಗಿ 'ಸಂಕಲನದಲ್ಲಿ ಲೇಖಕಿ ಈ ಕತೆಯ ಪಕ್ಕ ಆ ಕತೆ ಇಟ್ಟಿದ್ದಾರೆ' ಅಂತ ವಾದ ಕಟ್ಟಬೇಡಿ. ಒಂದೇ ಕತೆ ತಗೊಂಡಿದ್ದರಿಂದ ಈ ಬಲೆಯಿಂದ ಬಚಾವ್ ಆಗಿದ್ದೀರಿ. ಮೇಷ್ಟ್ರಿಗೆ ಥ್ಯಾಂಕ್ಸ್ ಹೇಳಿ.

ವಿರಾಜಪೇಟೆ ರಶ್ಮಿ

ಅನುವಾದಕಿ ಪುಸ್ತಕದ ಕೊನೆಗೆ ಬರೆದ ಟಿಪ್ಪಣಿ ಬಳಸಬಹುದಾ? ಇಟಾಲಿಕ್ಸ್ ಬೇಡ, ಅಡಿಟಿಪ್ಪಣಿ ಬೇಡ ಅಂತ ಅವರು ಯಾಕೆ ತೀರ್ಮಾನ ಮಾಡಿದರು ಅಂತ ಅದರಲ್ಲಿ ಇದೆಯಲ್ಲ.

ಎರಡು ಭಾಷೆಯವನು

ಬಳಸಬಹುದು, ಆದರೆ ಸಾಕ್ಷಿಯಾಗಿ ಅಲ್ಲ. ಅದು ಅವರ ಉದ್ದೇಶ. ಉದ್ದೇಶ ಈಡೇರಿದೆಯಾ ಅಂತ ನೋಡಬೇಕಾದವರು ನೀವು. ನನಗಂತೂ ಆ ತೀರ್ಮಾನ ತುಂಬಾ ಇಷ್ಟ. ಮನೆಯೊಳಗಿನ ಮಾತನ್ನು ಓರೆ ಅಕ್ಷರದಲ್ಲಿ ಹಾಕಿ 'ಇದು ವಿಚಿತ್ರ ಪದ, ಗಮನಿಸಿ' ಅಂತ ಬೆರಳು ತೋರಿಸುವುದು ಯಾಕೆ? ಆದರೆ ನನ್ನ ಇಷ್ಟವೂ ಸಾಕ್ಷಿ ಅಲ್ಲ.

ಮಂಜು ಪ್ರಬಂಧಕ್ಕೆ ಅದು ಬೇಕಾಗೂ ಇಲ್ಲ. ಹಗಲಿನ ದೃಶ್ಯ, ರಾತ್ರಿಯ ದೃಶ್ಯ. ಅಲ್ಲಿಗೆ ಇಟಾಲಿಕ್ಸ್ ಯಾಕೆ?

ತೋಟದಮನೆ

ಒಂದು ಸಣ್ಣ ಪ್ರಶ್ನೆ. ಕಸರವಳ್ಳಿ ಅವರ 'ಹಸೀನಾ' ಸಿನಿಮಾನೂ ಬಾನು ಅವರ ಕತೆಯೇ ಅಲ್ವಾ? ಅದನ್ನೂ ಸೇರಿಸಿದರೆ ಪ್ರಬಂಧಕ್ಕೆ ತೂಕ ಬರಲ್ವಾ?

ಪೊನ್ನಂಪೇಟೆ ಮೇಷ್ಟ್ರು

2004ರ ಸಿನಿಮಾ. ಅದು 'ಕರಿನಾಗರಗಳು' ಕತೆಯಿಂದ ಮಾಡಿದ್ದು, ಮಂಜು ಆರಿಸಿದ ಕತೆ ಬೇರೆ. ಸಿನಿಮಾ ನೋಡಿ ಕತೆಯ ಬಗ್ಗೆ ಬರೆಯುವವರು ಪ್ರತಿ ವರ್ಷ ಸಿಗುತ್ತಾರೆ. ಸಿನಿಮಾದ ದೃಶ್ಯವನ್ನು ಕತೆಯದ್ದು ಅಂತ ಬರೆದು ಸಿಕ್ಕಿಬೀಳುತ್ತಾರೆ. ತೂಕ ಬೇಡ, ಬಿಡಿ.

ಮಡಿಕೇರಿ ಮಂಜು

ನಿನ್ನೆ ಜಿಲ್ಲಾ ಗ್ರಂಥಾಲಯಕ್ಕೆ ಹೋಗಿ ಕೂತು ಬರೆದೆ. ಮೊದಲ ಪ್ಯಾರಾ ಹಾಕ್ತಿದ್ದೀನಿ, ದಯವಿಟ್ಟು ಬೈಯ್ಯಿರಿ:

'ಬಾನು ಮುಷ್ತಾಕ್ ಅವರ ಎದೆಯ ಹಣತೆ ಕತೆಯಲ್ಲಿ ಬೆಂಕಿಯ ಮಾತು ಮೊದಲು ಬರುವುದು ಮೆಹ್ರುನ್‌ಳ ತವರಿನವರ ಬಾಯಿಂದ. ಅದೇ ರಾತ್ರಿ ಅವಳು ಆ ಮಾತನ್ನು ನಡೆಸಿಕೊಡಲು ಹೊರಡುತ್ತಾಳೆ. ಲೇಖಕಿ ಇದನ್ನು ಅದ್ಭುತವಾಗಿ ಹೆಣೆದಿದ್ದಾರೆ. ತೀರ್ಪು ಕೊಡುವ ದೊಡ್ಡವರನ್ನು ಹಗಲಿನಲ್ಲಿ, ಪ್ರಶ್ನೆ ಕೇಳುವ ಮಗಳನ್ನು ರಾತ್ರಿಯಲ್ಲಿ ನಿಲ್ಲಿಸಿ, ಮೆಹ್ರುನ್ ಯಾರ ಮಾತಿಗೆ ಬದುಕುತ್ತಾಳೆ ಎಂದು ಕತೆ ಕೇಳುತ್ತದೆ. ಈ ಪ್ರಬಂಧದಲ್ಲಿ ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದವನ್ನು ಆಧರಿಸಿದ್ದೇನೆ. ಎರಡು ಮುಖ್ಯ ದೃಶ್ಯಗಳನ್ನು ಕನ್ನಡ ಮೂಲದೊಂದಿಗೆ ಹೋಲಿಸಿ ನೋಡಿದ್ದೇನೆ.'

ಬೆಂಕಿಯ ವಿಷಯ ಸೋಮವಾರಪೇಟೆ ಮೇಡಂ ಅವರದ್ದು. ಅದನ್ನು ಪ್ರಬಂಧದಲ್ಲಿ ಹೇಗೆ ಹೇಳೋದು?

ಸೋಮವಾರಪೇಟೆ ಓದುಗಿ

ಅಯ್ಯೋ, 'ಒಬ್ಬ ಓದುಗರು ಗಮನಕ್ಕೆ ತಂದಂತೆ' ಅಂತ ಹಾಕಿ ಸಾಕು. ಚೆನ್ನಾಗಿದೆ ಮಂಜು. 'ಯಾರ ಮಾತಿಗೆ ಬದುಕುತ್ತಾಳೆ', ಅಲ್ಲಿ ನನ್ನ ತಕರಾರಿಗೂ ಜಾಗ ಇದೆ.

ಪೊನ್ನಂಪೇಟೆ ಮೇಷ್ಟ್ರು

ಮೂರನೇ ವಾಕ್ಯ ತೆಗೆಯಿರಿ. ಅದ್ಭುತವೋ ಅಲ್ಲವೋ ಓದಿದವರು ಹೇಳಲಿ.

ಮೊದಲ ವಾಕ್ಯದಲ್ಲಿ 'ಮೊದಲು' ಅಂತ ಬರೆದಿದ್ದೀರಿ. ಅದಕ್ಕಿಂತ ಮುಂಚೆ ಬೆಂಕಿಯ ಮಾತು ಎಲ್ಲೂ ಬಂದಿಲ್ಲ ಅಂತ ಒಂದೊಂದೇ ಪುಟ ತಿರುವಿ ಖಾತ್ರಿ ಮಾಡಿಕೊಳ್ಳಿ, ಎರಡೂ ಭಾಷೆಯಲ್ಲಿ. ಬಂದಿದ್ದರೆ ಆ ಒಂದು ಪದ ಹೊಡೆದುಹಾಕಿ, ಉಳಿದದ್ದು ಹಾಗೇ ನಿಲ್ಲುತ್ತದೆ. ಎರಡನೇ ಪ್ಯಾರಾ ನಾಳೆ ಸಂಜೆಯೊಳಗೆ ಹಾಕಿ. ಭಾನುವಾರ ನಾನು ಮದುವೆಗೆ ಕುಶಾಲನಗರಕ್ಕೆ ಹೋಗುತ್ತೇನೆ, ಸಿಗುವುದಿಲ್ಲ.